ಗೋಡೆಗೆ ಮುಖ ಮಾಡಿದ ಹಿತ್ತಾಳೆ

ಕೆಲವರಿಗೆ ಸೀರೆಯ ಹುಚ್ಚು, ಕೆಲವರಿಗೆ ಒಡವೆಯ ಹುಚ್ಚು. ಅವೆರಡನ್ನೂ ಲೋಕ ಅರ್ಥ ಮಾಡಿಕೊಳ್ಳುತ್ತದೆ. ನನಗಿರುವುದು ಹಳೇ ಸಾಮಾನಿನ ಹುಚ್ಚು. ಇದನ್ನು ಅರ್ಥ ಮಾಡಿಕೊಳ್ಳುವವರು ಮೊಬೈಲಿನೊಳಗೆ ಬೇಕಾದಷ್ಟು ಸಿಗುತ್ತಾರೆ, ಮನೆಯೊಳಗೆ ಒಬ್ಬರೂ ಸಿಗುವುದಿಲ್ಲ. ತುಕ್ಕು ಹಿಡಿದ ಕಂದೀಲು ಹಿಡಿದು ನಾನು ಗೇಟು ತೆಗೆದರೆ ಸಾಕು, ನಮ್ಮ ಯಜಮಾನರು ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುತ್ತಾರೆ. ಅವರು ಸುಂಟಿಕೊಪ್ಪದ ಕಡೆ ಒಂದು ಕಾಫಿ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರು. ದಿನವಿಡೀ ಪಿಕ್ಕಿಂಗಿನ ಗದ್ದಲ ಮುಗಿಸಿ ದಣಿದು ಬಂದ ಮನುಷ್ಯನಿಗೆ ಮನೆಯಲ್ಲಿ ಕೂರಲು ಕುರ್ಚಿ ಸಿಗಬೇಕು. ನಮ್ಮ ಮನೆಯ ಒಳ್ಳೆಯ ಕುರ್ಚಿಯ ಮೇಲೆ ಗ್ರಾಮಫೋನಿನ ಕಹಳೆ ಕೂತಿರುತ್ತದೆ.

ಹಳೇ ವಸ್ತುಗಳನ್ನು ಅಂದವಾಗಿ ಜೋಡಿಸಬೇಕಾದರೆ ಮೊದಲು ಮನೆಯಲ್ಲಿ ಹಳೇ ವಸ್ತುಗಳಿರಬೇಕು. ನನ್ನ ತೊಂದರೆ ಶುರುವಾಗುವುದೇ ಇಲ್ಲಿಂದ. ನಮ್ಮ ಮಾವನವರು ಅರಕಲಗೂಡಿನ ಕಡೆಯಿಂದ, ಹಾರಂಗಿಯ ನೀರು ನಂಬಿಕೊಂಡು ಕುಶಾಲನಗರದ ಪಕ್ಕಕ್ಕೆ ಬಂದು ನೆಲೆಸಿದವರು. ಬರುವಾಗ ಲಾರಿಯಲ್ಲಿ ಹೇರಿಕೊಂಡದ್ದು ರಾಗಿ ಮೂಟೆ, ನೇಗಿಲು, ಒಂದು ಹಸು ಮತ್ತು ನಮ್ಮ ಅತ್ತೆ. ಜೊತೆಗೆ ಬಂದ ಅಲ್ಪಸ್ವಲ್ಪ ಹಿತ್ತಾಳೆಯನ್ನು ಅತ್ತೆಯವರು ಬಂದ ಹೊಸದರಲ್ಲೇ ಬೀದಿಯಲ್ಲಿ ಸ್ಟೀಲು ಮಾರಿಕೊಂಡು ಬಂದವನಿಗೆ ಕೊಟ್ಟು ಕೈ ತೊಳೆದುಕೊಂಡರು. ಈಗಲೂ ಅದನ್ನು ಹೇಳುವಾಗ ಅವರ ಮುಖ ಅರಳುತ್ತದೆ. "ಹುಣಸೇಹಣ್ಣು ಹಾಕಿ ತಿಕ್ಕೀ ತಿಕ್ಕೀ ಕೈ ಸವೆದೋಗಿತ್ತು ಕಣವ್ವ. ಸ್ಟೀಲು ಬಂತು, ಜೀವ ಉಳೀತು" ಎನ್ನುತ್ತಾರೆ. ನಾನು ಬೀಸುವ ಕಲ್ಲು ತಂದು ನಡುಮನೆಯ ಮೂಲೆಯಲ್ಲಿಟ್ಟು, ಅದರ ಮೇಲೆ ಹೂದಾನಿ ಕೂರಿಸಿದ ದಿನ ಅವರು ಬಹಳ ಹೊತ್ತು ಅದನ್ನೇ ನೋಡಿದರು. "ಇದು ತೊಲಗಿದ್ರೆ ಸಾಕು ಅಂತ ನಾನು ದೇವ್ರಿಗೆ ಹರಕೆ ಕಟ್ಟಿದ್ದೆ. ನೀನು ದುಡ್ಡು ಕೊಟ್ಟು ಮನೆ ತುಂಬಿಸ್ಕೊಂಡಿದೀಯ" ಎಂದು ಒಳಗೆ ಹೋದರು.

ನಮ್ಮ ಹಿರಿಯರು ಇಟ್ಟು ಹೋಗದೇ ಇದ್ದುದನ್ನು ನನಗೆ ಒದಗಿಸುತ್ತಿರುವವರು ಪೇಟೆಯ ಗುಜರಿ ಅಂಗಡಿಯ ಕಾಕ. ಅವರ ಮನೆಮಾತು ಮಲಯಾಳ, ವ್ಯಾಪಾರದ ಮಾತು ಎಲ್ಲರ ಮಾತು. "ಟೀಚರೇ, ಒಂದು ಐಟಂ ಬಂದಿದೆ. ಬೇರೆಯವರಿಗೆ ತೋರಿಸಲಿಲ್ಲ, ನಿಮಗೇ ಅಂತ ಎತ್ತಿ ಇಟ್ಟೆ" ಎಂದು ಅವರು ಕರೆದರೆ, ನಾನು ತರಕಾರಿ ಚೀಲವನ್ನು ಆಟೋದಲ್ಲೇ ಬಿಟ್ಟು ಓಡುತ್ತೇನೆ. ಹಾಗೆ ತಂದವನ್ನು ಎಲ್ಲಿ, ಹೇಗೆ ಇಡುವುದೆಂದು ಕಲಿಸುವ ವೀಡಿಯೋಗಳಿಗೇನು ಬರ. ಅವುಗಳ ಉಪದೇಶದಂತೆ ಕಂದೀಲಿನೊಳಗೆ ಬಲ್ಬು ಹೊಕ್ಕಿತು. ಕೆಂಡದ ಇಸ್ತ್ರಿ ಪೆಟ್ಟಿಗೆಯಲ್ಲಿ ಕಳ್ಳಿ ಗಿಡ ಬೆಳೆಯಿತು. ಭತ್ತ ಅಳೆಯುವ ಸೇರಿನಲ್ಲಿ ನನ್ನ ಕೆಂಪು ಪೆನ್ನುಗಳು ನಿಂತವು. ಹಳೇ ಬಾಗಿಲೊಂದನ್ನು ಅಡ್ಡ ಹಾಕಿ ಟೀಪಾಯಿ ಮಾಡಿಸಿದೆ, ಅದರ ಅಗುಳಿ ತಾಗಿ ಯಜಮಾನರ ಮೊಣಕಾಲು ಊದಿಕೊಂಡಿತು. "ಬಾಗಿಲು ಇರೋದು ದಾಟೋಕೆ ಕಣೇ, ಎಡವೋಕಲ್ಲ" ಎಂದರು. ನಾನು ಕೊಬ್ಬರಿ ಎಣ್ಣೆ ಬಿಸಿ ಮಾಡಿ ಕೊಟ್ಟೆ, ಟೀಪಾಯಿ ಮಾತ್ರ ತೆಗೆಯಲಿಲ್ಲ.

ಇಷ್ಟೆಲ್ಲ ಸರಿ. ಆದರೆ ಹಿತ್ತಾಳೆ ಪಾತ್ರೆಗಳಲ್ಲಿ ಒಂದು ಸಂಕಟವಿದೆ. ನಮ್ಮಲ್ಲಿ ಪಾತ್ರೆ ಕೊಂಡರೆ ಅದರ ಮೇಲೆ ಹೆಸರು ಹಾಕಿಸದೆ ಯಾರೂ ಅಂಗಡಿ ಬಿಟ್ಟು ಏಳುವುದಿಲ್ಲ. ಮದುವೆಗೆ ಕೊಟ್ಟ ಬಿಂದಿಗೆಯಿಂದ ಹಿಡಿದು ಸೀಮಂತಕ್ಕೆ ಬಂದ ಚೆಂಬಿನವರೆಗೆ ಕೊಟ್ಟವರದ್ದೋ ತೆಗೆದುಕೊಂಡವರದ್ದೋ ಹೆಸರು ಚುಕ್ಕಿ ಚುಕ್ಕಿಯಾಗಿ ಕೂತಿರುತ್ತದೆ. ಹೀಗಾಗಿ ನಮ್ಮ ಶೆಲ್ಫಿನ ತುಂಬ ಸಾವಿತ್ರಮ್ಮ, ಪೊನ್ನಮ್ಮ, ಫಾತಿಮಾ, ಅಣ್ಣು ಪೂಜಾರಿ. ಇವರಲ್ಲಿ ಒಬ್ಬರೂ ನಮ್ಮ ವಂಶದವರಲ್ಲ. ಅದಕ್ಕೆ ನಾನು ಹೆಸರಿರುವ ಕಡೆಯನ್ನು ಹಿಂದಕ್ಕೆ ತಿರುಗಿಸಿ ಇಡುತ್ತೇನೆ. ನಮ್ಮ ಮನೆಯ ಹಿತ್ತಾಳೆಯೆಲ್ಲ ಹೋಂವರ್ಕ್ ಮಾಡದ ಮಕ್ಕಳಂತೆ ಗೋಡೆಗೆ ಮುಖ ಮಾಡಿಕೊಂಡೇ ನಿಂತಿರುತ್ತದೆ.

ನಮ್ಮ ಶಾಲೆಯಲ್ಲಿ ವಿಜ್ಞಾನ ಹೇಳುವ ಪೂವಮ್ಮ ಮೇಡಂ ಕೊಡವರು. ಅವರ ಐನ್‌ಮನೆ, ಅಂದರೆ ಇಡೀ ಕುಟುಂಬದ ಮೂಲ ಮನೆಗೆ ಒಮ್ಮೆ ಹೋಗಿದ್ದೆ. ಅಲ್ಲಿ ಕೆತ್ತನೆಯ ಕಂಬ, ತೂಗುದೀಪ, ಒಡಿಕತ್ತಿ, ಯಾವುದನ್ನೂ ನೋಡಲೆಂದು ಇಟ್ಟಿರಲಿಲ್ಲ, ಎಲ್ಲವೂ ತಾವಿದ್ದಲ್ಲಿಯೇ ಇದ್ದವು. ಹೊಟ್ಟೆ ಉರಿದುಹೋಯಿತು. ಮರುದಿನ ಸ್ಟಾಫ್ ರೂಮಿನಲ್ಲಿ ನನ್ನ ಬಾಯಿ ಸುಮ್ಮನಿರಲಿಲ್ಲ, ನಮ್ಮ ಮನೆಯಲ್ಲೂ ಹಳೇ ಹಿತ್ತಾಳೆ ಇದೆ ಎಂದೆ. "ಹೌದಾ, ಹಿರಿಯರದ್ದಾ?" ಎಂದು ಅವರು ಕೇಳಿದರು. "ಹ್ಞೂಂ, ಹಿರಿಯರದ್ದೇ" ಎಂದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ, ಯಾರ ಹಿರಿಯರೆಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. "ಹಾಗಾದರೆ ಭಾನುವಾರ ಅವ್ವನನ್ನೂ ಕರೆದುಕೊಂಡು ಬರುತ್ತೇನೆ, ಅವ್ವನಿಗೆ ಇಂಥದ್ದೆಲ್ಲ ಪ್ರಾಣ" ಎಂದುಬಿಟ್ಟರು.

ಭಾನುವಾರ ಬೆಳಿಗ್ಗೆ ನಾನು ಬೇಕರಿಗೆ ಹೋದವಳು ತಿರುಗಿ ಬರುವಷ್ಟರಲ್ಲಿ ಅನಾಹುತ ಆಗಿಹೋಗಿತ್ತು. ಮನೆಗೆ ನೆಂಟರು ಬರುತ್ತಾರೆ, ಸೊಸೆಯ ಮಾನ ಉಳಿಯಲಿ ಎಂದು ಅತ್ತೆ ಹಿತ್ತಾಳೆಯನ್ನೆಲ್ಲ ಇಳಿಸಿ, ಹುಣಸೇಹಣ್ಣು ಹಾಕಿ ತಿಕ್ಕಿ, ಫಳಫಳ ಹೊಳೆಯಿಸಿ, ಸಾಲಾಗಿ ಶೆಲ್ಫಿಗೇರಿಸಿದ್ದರು. ಒಂದೊಂದರ ಹೆಸರೂ ಮುಂದಕ್ಕೆ. "ಹೆಸರಿರೋ ಕಡೆ ತಾನೇ ಮುಖ? ನೀನು ಅದ್ಯಾಕೋ ಬೆನ್ನು ತೋರ್ಸಿ ಇಟ್ಟಿದ್ದೆ, ಸರಿ ಮಾಡಿದೀನಿ" ಎಂದರು. ಅಷ್ಟರಲ್ಲಿ ಗೇಟಿನ ಹತ್ತಿರ ಕಾರು ನಿಂತ ಸದ್ದಾಯಿತು.

ಯಜಮಾನರನ್ನು ಅಂಗಳಕ್ಕೆ ತಳ್ಳಿದೆ. ಕರಿಮೆಣಸಿನ ವಿಷಯ ತೆಗೆಯಿರಿ ಎಂದೆ. ಕೊಡಗಿನಲ್ಲಿ ಕರಿಮೆಣಸಿನ ಮಾತು ಶುರುವಾದರೆ ಅಷ್ಟು ಬೇಗ ಮುಗಿಯುವುದಿಲ್ಲ. ಅವರು ಅಲ್ಲಿ ಮಾತಾಡುತ್ತಿದ್ದಂತೆ ನಾನು ಇಲ್ಲಿ ಸಾವಿತ್ರಮ್ಮನನ್ನು ತಿರುಗಿಸಿದೆ, ಫಾತಿಮಾಳನ್ನು ತಿರುಗಿಸಿದೆ, ಅಣ್ಣು ಪೂಜಾರಿ ಕೈಜಾರಿ ಕಾಲ ಮೇಲೆ ಬಿದ್ದರೂ ಎತ್ತಿ ತಿರುಗಿಸಿದೆ. ಮೇಲಿನ ಸಾಲಿನಲ್ಲಿ ದೊಡ್ಡ ಬಿಂದಿಗೆ ಒಂದೇ ಉಳಿದಿತ್ತು, ಇದ್ದುದರಲ್ಲೆಲ್ಲ ಚೆಂದದ್ದು. ಸ್ಟೂಲು ಎಳೆದುಕೊಳ್ಳುವ ಮೊದಲೇ ಅವರು ಒಳಗೆ ಬಂದರು.

ಪೂವಮ್ಮ ಮೇಡಂ ನೇರ ಬಾಗಿಲ ಟೀಪಾಯಿಯ ಹತ್ತಿರ ಹೋದರು. ಅವರ ತಾಯಿ ದೇಚಮ್ಮನವರು ಎತ್ತರದ ಆಳು, ನೇರ ಶೆಲ್ಫಿನ ಹತ್ತಿರ ಬಂದರು. ನಾನು ಅಡ್ಡ ನಿಂತೆ. ಅವರು ನನ್ನ ತಲೆಯ ಮೇಲಿಂದ ಬಿಂದಿಗೆಯನ್ನು ನೋಡಿದರು. ಅದರ ಮೇಲೆ 'ದೇಚಮ್ಮ' ಎಂದಿತ್ತು, ಊರಿನ ಹೆಸರಿನ ಸಮೇತ. ನನಗೆ ಅದು ಆ ಕ್ಷಣದವರೆಗೆ ಹೊಳೆದೇ ಇರಲಿಲ್ಲ. ಅವರು ಬೆರಳಿನಿಂದ ತಮ್ಮ ಹೆಸರನ್ನು ಮೆಲ್ಲಗೆ ಸವರಿದರು. ಆಮೇಲೆ ಒಮ್ಮೆ ಮಗಳ ಕಡೆ ನೋಡಿ, ಎರಡೂ ಕೈಯಲ್ಲಿ ಬಿಂದಿಗೆ ಹಿಡಿದು, ಸದ್ದಿಲ್ಲದೆ ಗೋಡೆಯ ಕಡೆ ತಿರುಗಿಸಿಬಿಟ್ಟರು.

ಕಾಫಿ ಕುಡಿಯುವಾಗ ಪೂವಮ್ಮ ಮೇಡಂ ನಿಟ್ಟುಸಿರು ಬಿಟ್ಟರು. "ನಿಮ್ಮವರು ಎಷ್ಟು ಜೋಪಾನ ಮಾಡಿದ್ದಾರೆ ನೋಡಿ. ನಮ್ಮ ಅವ್ವ ಮದುವೆಯಲ್ಲಿ ಗಂಗೆ ಪೂಜೆಗೆ ನೀರು ಹೊತ್ತ ಬಿಂದಿಗೆ ಇತ್ತು. ತಿತಿಮತಿಯ ಚಿಕ್ಕಮ್ಮನ ಮನೆಗೆ ಯಾವುದೋ ಮದುವೆಗೆ ಕೊಟ್ಟದ್ದು, ಅವರು ವಾಪಸ್ ಕೊಡಲೇ ಇಲ್ಲ. ಈಗಲೂ ಕೇಳಿದರೆ ನಮಗೆ ಗೊತ್ತಿಲ್ಲ ಅಂತಾರೆ" ಎಂದರು. ದೇಚಮ್ಮನವರು ಬಿಸ್ಕತ್ತನ್ನು ಬಹಳ ಗಮನವಿಟ್ಟು ತಿನ್ನುತ್ತಿದ್ದರು. ಲೋಟ ಇಡುವ ನೆಪದಲ್ಲಿ ನನ್ನ ಹಿಂದೆಯೇ ಅಡುಗೆಮನೆಗೆ ಬಂದರು. "ಟೀಚರೇ, ಯಾರಿಗೂ ಹೇಳಬೇಡಿ. ಅದನ್ನು ಕೊಟ್ಟು ನಾನು ಕುಕ್ಕರ್ ತೆಗೆದುಕೊಂಡೆ" ಎಂದರು. ನಾನು ಬಿಂದಿಗೆಯನ್ನು ಹೇಗಾದರೂ ನಿಮಗೆ ತಲುಪಿಸುತ್ತೇನೆ ಎಂದೆ. "ಅಯ್ಯೋ ಬೇಡ. ತಿತಿಮತಿಯವರ ಹತ್ತಿರ ಏನು ಹೇಳಲಿ? ಇಲ್ಲೇ ಇರಲಿ, ಹಾಗೇ ಇರಲಿ" ಎಂದು ಕೈಯಲ್ಲೇ ಗೋಡೆಯ ದಿಕ್ಕು ತೋರಿಸಿದರು. ಅಕ್ಕಿ ತೊಳೆಯುತ್ತಿದ್ದ ಅತ್ತೆ ತಿರುಗಿ ನೋಡಿದರು. "ಕುಕ್ಕರು ಚೆನ್ನಾಗಿತ್ತಾ?" ಎಂದು ಕೇಳಿದರು. "ಈಗಲೂ ಓಡ್ತಾ ಉಂಟು" ಎಂದರು ದೇಚಮ್ಮನವರು. ಇಬ್ಬರೂ ಸೆರಗು ಬಾಯಿಗೆ ಹಿಡಿದು ನಕ್ಕ ನಗು ನಿಲ್ಲಲೇ ಇಲ್ಲ. ನನಗೂ ತಡೆಯಲಾಗಲಿಲ್ಲ. ಅಷ್ಟು ಖುಷಿಯಾಗಿ ನಾನು ನಕ್ಕು ಎಷ್ಟೋ ಕಾಲವಾಗಿತ್ತು.

ಅಂದಿನಿಂದ ದೇಚಮ್ಮನವರು ಪೇಟೆಗೆ ಬಂದಾಗಲೆಲ್ಲ ಕಿತ್ತಳೆಹಣ್ಣೋ ಬೆಣ್ಣೆಹಣ್ಣೋ ಹಿಡಿದು ನಮ್ಮ ಮನೆಗೆ ಬರುತ್ತಾರೆ. ಬಿಂದಿಗೆ ಇಳಿಸಿ, ಹೆಸರು ಸವರಿ, ಅತ್ತೆಯ ಜೊತೆ ಹರಟಿ ಹೋಗುತ್ತಾರೆ. ಅದನ್ನು ನೋಡೀ ನೋಡೀ ನನಗೂ ಆಸೆ ಹುಟ್ಟಿತು. ಮೊನ್ನೆ ಪಾತ್ರೆ ಅಂಗಡಿಗೆ ಹೋಗಿ ಒಂದು ಹೊಸ ಬಿಂದಿಗೆ ಕೊಂಡು, ನನ್ನ ಹೆಸರನ್ನು ದೊಡ್ಡ ಅಕ್ಷರದಲ್ಲಿ ಹಾಕಿಸಿದೆ. ನಮಗೆ ಬರುವ ಸೊಸೆ ಅದನ್ನು ಗುಜರಿಗೆ ಹಾಕುವುದರಲ್ಲಿ ಸಂಶಯವಿಲ್ಲ. ಆಮೇಲೆ ಯಾವ ಊರಿನ ಯಾವ ಟೀಚರೋ ಅದನ್ನು ಕೊಂಡು, ನನ್ನ ಹೆಸರನ್ನು ಗೋಡೆಗೆ ತಿರುಗಿಸಿಟ್ಟು, ಬಂದವರಿಗೆಲ್ಲ ನಮ್ಮ ಹಿರಿಯರದ್ದು ಎನ್ನುತ್ತಾಳೆ. ಪುಣ್ಯಾತ್ಗಿತ್ತಿ ಎಲ್ಲಿದ್ದಾಳೋ, ಆಗಲೇ ಅವಳ ಮೇಲೆ ನನಗೆ ಮೊಮ್ಮಗಳ ಮೇಲಿನ ಮಮತೆ ಬಂದುಬಿಟ್ಟಿದೆ.