ಜಗಲಿಗೆ ಬಂದ ಕೆರೆ

ವೆಂಕಟರಮಣಪ್ಪ ಮಾಡಿದ ತಪ್ಪು ಇಷ್ಟೇ: ಬಣ್ಣ ಒಣಗಲಿ ಎಂದು ಊರ ಕೆರೆಯನ್ನು ತಂದು ಜಗಲಿಯ ಮೇಲಿಟ್ಟ.

ಅವನು ಬೆಂಗಳೂರಿನ ಸರ್ಕಾರಿ ಕಚೇರಿಯೊಂದರಲ್ಲಿ ಹಂಗಾಮಿ ಗುಮಾಸ್ತ. ಜಡಿಗೇನಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದ. ಅವನ ಸಾಹೇಬರಿಗೆ ಗುಟ್ಟಿನದೊಂದು ಚಟವಿತ್ತು. ಮನೆಯ ಮೇಜಿನ ಮೇಲೆ ಹೆಬ್ಬೆರಳುದ್ದದ ಸೀಸದ ಸಿಪಾಯಿಗಳನ್ನು ನಿಲ್ಲಿಸಿ ಯುದ್ಧದಾಟ ಆಡುವುದು. ಆ ಯುದ್ಧಕ್ಕೆ ನೆಲ ಬೇಕಿತ್ತು.

"ಗುಡ್ಡ, ಕೆರೆ, ಹೊಲ ಎಲ್ಲಾ ಬೇರೆ ಬೇರೆ ಹಲಗೆ ಮೇಲೆ ಮಾಡ್ಕೊಡಯ್ಯ. ಹೇಗೆ ಜೋಡಿಸಿದ್ರೂ ಒಂದಕ್ಕೊಂದು ಕೂತ್ಕೋಬೇಕು, ದಿನಾ ಹೊಸ ರಣರಂಗ! ಭಾನುವಾರ ನಾನೇ ಬಂದು ತಗೊಂಡು ಹೋಗ್ತೀನಿ. ಯಾರ ಹತ್ರಾನೂ ಬಾಯ್ಬಿಡಬೇಡ. ನಿನ್ನ ಕೆಲಸ ಖಾಯಂ ಮಾಡ್ಸೋದು ನನಗೆ ಬಿಡು," ಎಂದಿದ್ದರು.

ಹೆಂಡತಿ ಮುನಿಗಂಗಮ್ಮ ಮೊರಕ್ಕೆ ಬಳಿಯಲು ರುಬ್ಬುವಂತೆಯೇ ಹಳೇ ಪೇಪರು, ಮೆಂತ್ಯ ನೆನೆಸಿ ರುಬ್ಬಿಕೊಟ್ಟಳು. ಅದನ್ನು ಚೌಕ ಹಲಗೆಗಳಿಗೆ ಮೆತ್ತಿ ವೆಂಕಟರಮಣಪ್ಪ ಗುಡ್ಡ, ಬಂಡೆ ಎಬ್ಬಿಸಿದ, ಕೆರೆ ತೋಡಿದ. ಪಾಪ, ಅವನು ಸರಿಯಾಗಿ ಕಂಡಿದ್ದು ಒಂದೇ ಊರು. ಹಾಗಾಗಿ ಹಲಗೆಗಳ ಮೇಲೆ ಜಡಿಗೇನಹಳ್ಳಿಯೇ ಎದ್ದುಬಂತು, ಅಪ್ಪಯ್ಯಣ್ಣನ ಹೊಲದ ಡೊಂಕು ಹುಣಸೆಮರದ ಸಮೇತ.

ಭಾನುವಾರ ಬೆಳಿಗ್ಗೆ ಎದುರುಮನೆಯ ಅಪ್ಪಯ್ಯಣ್ಣ ಬೀಡಿಗೆ ಬೆಂಕಿ ಕೇಳಲು ಬಂದವನು ಜಗಲಿ ನೋಡಿ ಹೌಹಾರಿದ. ಬೀಡಿ ಬಾಯಿಂದ ಬಿತ್ತು.

"ಲೇ, ಇದು ನನ್ ಹುಣಸೆಮರ ಅಲ್ವೇನ್ಲಾ? ಕೆರೆ ಪಕ್ಕ ಇರೋ ನನ್ ಹೊಲ ಬಂಡೆ ಹಿಂದಕ್ಕೆ ಯಾಕ್ ಹೋಯ್ತು?"

"ಅದನ್ನ ಎಲ್ಲಿ ಬೇಕಾದ್ರೂ ಇಡಬೌದು ಅಪ್ಪಯ್ಯಣ್ಣ," ಎಂದು ವೆಂಕಟರಮಣಪ್ಪ ಹಲಗೆ ಎತ್ತಿ ಇನ್ನೊಂದು ಕಡೆ ಇಟ್ಟು ತೋರಿಸಿದ. ತೋರಿಸಬಾರದಿತ್ತು.

"ಅಯ್ಯಯ್ಯೋ! ಸರ್ಕಾರದೋರು ಹೊಲಗಳ್ನೇ ಅದಲುಬದಲು ಮಾಡ್ತಾವ್ರೆ ಕಣ್ರಪ್ಪೋ!"

ಭೂಸುಧಾರಣೆಯ ಮಾತು ಊರೂರಲ್ಲೂ ಹರಿದಾಡುತ್ತಿದ್ದ ಕಾಲ ಅದು. ಯಾವ ಕಾನೂನು ಯಾರ ನೆಲಕ್ಕೆ ಬರುತ್ತದೋ ಎಂದು ಎಲ್ಲರ ಎದೆಯೂ ಡವಡವ. ಎಲೆಯಡಿಕೆ ಹಾಕಿಕೊಳ್ಳುವಷ್ಟರಲ್ಲಿ ಅರ್ಧ ಊರು ಜಗಲಿಯ ಮುಂದೆ ನೆರೆಯಿತು. ಗೋಪಾಲಪ್ಪ ತನ್ನ ಹೊಲವನ್ನು ಕೆರೆಗೆ ಅಂಟಿಸಿದ. ಅಪ್ಪಯ್ಯಣ್ಣ ಅದನ್ನು ಕಿತ್ತು ಬಂಡೆಯ ಪಕ್ಕಕ್ಕೆ ಎಸೆದ. ಲಕ್ಕಮ್ಮ ಒಂದು ಹುಂಜವನ್ನು ಮುನಿಗಂಗಮ್ಮನ ಕೈಗೆ ತುರುಕಿ, "ಸುಡುಗಾಡು ಮಾತ್ರ ನನ್ ತೋಟದ ಪಕ್ಕ ಬ್ಯಾಡ ಕಣವ್ವಾ," ಎಂದು ಅತ್ತಳು. ಬಣ್ಣ ಹಚ್ಚದೆ ಉಳಿದಿದ್ದ ಹಲಗೆಯನ್ನು ಅವಳು ಸುಡುಗಾಡು ಅಂದುಕೊಂಡಿದ್ದಳು.

ಗೋಪಾಲಪ್ಪ, ಅಪ್ಪಯ್ಯಣ್ಣ ಒಬ್ಬರ ಕೊರಳಪಟ್ಟಿ ಒಬ್ಬರು ಹಿಡಿದಾಗ ವೆಂಕಟರಮಣಪ್ಪನ ಜೀವ ಬಾಯಿಗೆ ಬಂತು.

"ನಿಲ್ಲಿಸ್ರಪ್ಪೋ! ಇದು ಆಟದ ಸಾಮಾನು! ನಮ್ ಸಾಹೇಬ್ರು ಇದ್ರ ಮೇಲೆ ಸಿಪಾಯಿ ಗೊಂಬೆ ಇಟ್ಕೊಂಡು ಆಡ್ತಾರೆ!"

ಅಂದವನೇ ಬಾಯಿ ಮುಚ್ಚಿಕೊಂಡ. ಗುಟ್ಟು ಹೋಗಿಯಾಗಿತ್ತು, ಆದರೆ ಯಾರೂ ನಂಬಲಿಲ್ಲ.

"ಮೀಸೆ ನರೆತ ಆಫೀಸರು ಗೊಂಬೆ ಆಡ್ತಾನಾ? ಯಾರ ಕಿವಿಗೆ ಹೂ ಇಡ್ತೀಯಾ?" ಎಂದ ಗೋಪಾಲಪ್ಪ.

ಅಷ್ಟರಲ್ಲಿ ಜೀಪು ಬಂತು. ಸಾಹೇಬರು ಇಳಿಯುತ್ತಿದ್ದಂತೆ ಅಪ್ಪಯ್ಯಣ್ಣ ಅಡ್ಡ ನಿಂತು ಕೈಮುಗಿದ. "ಸ್ವಾಮಿ, ನೀವೇ ಹೇಳ್ಬುಡಿ. ಇದು ನೀವು ಆಡೋ ಗೊಂಬೆಯಾಟವಂತೆ, ದಿಟವಾ?"

ಸಾಹೇಬರು ಬೆಚ್ಚಿಬಿದ್ದರು. ಅರ್ಧ ಊರು ಅವರ ಮೀಸೆಯನ್ನೇ ನೋಡುತ್ತಿತ್ತು. ಜೀಪಿನ ಡ್ರೈವರು ಮುಖ ಆ ಕಡೆ ತಿರುಗಿಸಿ ಕೆಮ್ಮಿದ.

"ಆಟಾನಾ? ಯಾರ್ರೀ ಹೇಳಿದ್ದು? ಇದು ಸರ್ಕಾರಿ ಕೆಲಸ!" ಎಂದು ಗುಡುಗಿದರು.

"ಸಾರ್..." ಎಂದ ವೆಂಕಟರಮಣಪ್ಪ.

"ನೀನು ನಾಳೆಯಿಂದ ಆಫೀಸಿಗೆ ಬರಬೇಡ. ಊರಿನೋರೆಲ್ಲ ಒಪ್ಪೋವರೆಗೂ ಇಲ್ಲೇ ಕೂತು ಇದನ್ನ ಸರಿಮಾಡು. ಖಾಯಂ ವಿಚಾರ ಆಮೇಲೆ ನೋಡೋಣ!"

ಊರಿನವರೆಲ್ಲ ಒಪ್ಪುವುದು ಯಾವ ಕಾಲಕ್ಕೆ! ಸಾಹೇಬರು ಬೆವರೊರೆಸಲು ಕರವಸ್ತ್ರ ಎಳೆದಾಗ ಜೇಬಿನಿಂದ ಏನೋ ಉದುರಿತು. ಅದನ್ನು ನೋಡದೆಯೇ ಅವರು ಜೀಪು ಹತ್ತಿ ಧೂಳೆಬ್ಬಿಸಿಕೊಂಡು ಹೋದರು. ವೆಂಕಟರಮಣಪ್ಪ ಹಾರಿ ಹೋಗಿ ಎತ್ತಿಕೊಂಡ. ಅಳತೆ ನೋಡಲು ತಂದಿದ್ದ ಸೀಸದ ಸಿಪಾಯಿ!

"ನೋಡ್ರಪ್ಪಾ, ನೋಡ್ರಿ! ಇದೇ ಆ ಗೊಂಬೆ! ನಾನು ಹೇಳಿದ್ದು ಸುಳ್ಳಾ?"

ಅಪ್ಪಯ್ಯಣ್ಣ ಅದನ್ನು ಕಿತ್ತುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದ. ಟೋಪಿ ಇತ್ತು, ಬಂದೂಕು ಇತ್ತು. ಅವನ ಮುಖ ಅರಳಿತು. ಸಿಪಾಯಿಯನ್ನು ತನ್ನ ಹುಣಸೆಮರದ ಬುಡದಲ್ಲಿ ನಿಲ್ಲಿಸಿ ಸೊಂಟದ ಮೇಲೆ ಕೈಯಿಟ್ಟುಕೊಂಡ.

"ಕಂಡ್ಯಾ ಗೋಪಾಲಪ್ಪ? ಸಾಹೇಬ್ರು ನನ್ ಹೊಲಕ್ಕೆ ಪೋಲೀಸ್ ಕಾವಲೂ ಕೊಟ್ಟೋದ್ರು. ಈಗ ಮುಟ್ಟು ನೋಡಾಣ!"