ಬಾಲದ ಮೇಲೆ ಕುಳಿತ ಯುದ್ಧವಿಮಾನವನ್ನು ತಾತನವರಿಂದ ಮರೆಮಾಚುವ ಬಗ್ಗೆ

ಇಲಾಖೆಯ ಕಚೇರಿ: ಊಟದ ಮೇಜು (ಕಿಟಕಿ ಕಡೆಯ ಅರ್ಧ ಭಾಗ ಮಾತ್ರ)

ಸುತ್ತೋಲೆ ಸಂಖ್ಯೆ: ಊಮೇ/ಕಿಅ/ಜೆಟ್/09 (01ರಿಂದ 08ರವರೆಗಿನ ಸುತ್ತೋಲೆಗಳನ್ನು ಅಂಟು ಒರೆಸಲು ಬಳಸಲಾಗಿದೆ)

ದಿನಾಂಕ: ಶುಕ್ರವಾರ, ಮಧ್ಯಾಹ್ನದ ಊಟಕ್ಕೆ ಸ್ವಲ್ಪ ಮುಂಚೆ

ವಿಷಯ: ಪ್ಲಾಸ್ಟಿಕ್ ಜೆಟ್ ವಿಮಾನವು ಮೂತಿ ಎತ್ತಿ ಬಾಲದ ಮೇಲೆ ಕುಳಿತಿರುವ ವಿಷಯ ಭಾನುವಾರದವರೆಗೆ ತಾತನವರ ಗಮನಕ್ಕೆ ಬಾರದಂತೆ ನೋಡಿಕೊಳ್ಳುವ ಕುರಿತು.

ಉಲ್ಲೇಖ:
1) ಅಮ್ಮನವರ ಮೌಖಿಕ ಜ್ಞಾಪನ, ಸೋಮವಾರ: "ಊಟ ಮಾಡೋ ಜಾಗದಲ್ಲಿ ಯುದ್ಧ ಗಿದ್ಧ ಬೇಡ ಅಂದಿದ್ದೆ ತಾನೇ? ಎತ್ತೋ ಅದನ್ನ!"
2) ಅಕ್ಕನವರ ನಗು, ಗುರುವಾರ, ಅವಧಿ ನಾಲ್ಕು ನಿಮಿಷ (ನಡುವೆ ಒಮ್ಮೆ ನೀರು ಕುಡಿದಿರುತ್ತಾರೆ).
3) ವಿಮಾನದ ಡಬ್ಬಿಯೊಳಗಿನ ಸೂಚನಾ ಹಾಳೆ (ಚಿತ್ರಗಳನ್ನು ಮಾತ್ರ ನೋಡಲಾಗಿದೆ).

ಪ್ರಸ್ತಾವನೆ

ಈ ಮನೆಯ ತಾತನವರು ವಾಯುಪಡೆಯಲ್ಲಿ ಇಪ್ಪತ್ತಾರು ವರ್ಷ ಜೆಟ್ ವಿಮಾನಗಳ ಚಕ್ರ ಮತ್ತು ಬ್ರೇಕು ನೋಡಿಕೊಂಡವರು. ಒಂದು ದಿನವೂ ಹಾರಿದವರಲ್ಲ. "ಆಕಾಶ ಪೈಲಟ್ಟಿಂದು ಕಣೋ, ನೆಲ ನಂದು" ಎಂಬುದು ಅವರ ಇಡೀ ಸರ್ವೀಸಿನ ಒಂದೇ ಒಂದು ಡೈಲಾಗು. ಅದಕ್ಕೆ ಈ ಮನೆಯಲ್ಲಿ ಇಂದಿಗೂ ಶಿಳ್ಳೆ ಬೀಳುತ್ತದೆ. ಸದರಿಯವರ ಎಡಗಣ್ಣು ಬಹುಕಾಲದಿಂದ ಮಂಜಾಗಿದ್ದು, ಬಲಗಣ್ಣಿಗೆ ಕಳೆದ ಶನಿವಾರ ಶಸ್ತ್ರಚಿಕಿತ್ಸೆ ಮಾಡಿ ಪಟ್ಟಿ ಕಟ್ಟಲಾಗಿದೆ. ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಡಾಕ್ಟರು ಮನೆಗೇ ಬಂದು ಪಟ್ಟಿ ಬಿಚ್ಚುವವರಿದ್ದಾರೆ.

ಆಪರೇಷನ್ ಕೋಣೆಗೆ ಹೋಗುವ ಮುನ್ನ ತಾತನವರ ಕೈ ತಣ್ಣಗಾಗಿದ್ದನ್ನು ಗಮನಿಸಿದ ಇಲಾಖೆಯ ನಿರ್ದೇಶಕರು (ಈ ಮನೆಯ ಕಿರಿಮಗ, ವಯಸ್ಸು ಹತ್ತೊಂಬತ್ತು, ಉದ್ಯೋಗ: ಹುಡುಕಾಟ ಜಾರಿಯಲ್ಲಿದೆ) ಆಸ್ಪತ್ರೆಯ ಕಾರಿಡಾರಿನಲ್ಲಿ ಸ್ಲೋ ಮೋಷನ್ನಿನಲ್ಲಿ ತಿರುಗಿ ನಿಂತು, ಈ ಕೆಳಗಿನ ವಾಗ್ದಾನ ಮಾಡಿರುತ್ತಾರೆ: "ತಾತಾ, ಪಟ್ಟಿ ಬಿಚ್ಚಿದ ತಕ್ಷಣ ನಿನ್ ಕಣ್ಣಿಗೆ ಮೊದ್ಲು ಬೀಳೋದು ಡಾಕ್ಟರ್ ಮುಖ ಅಲ್ಲ. ನಿನ್ ಜೆಟ್ಟು! ಮೂರು ಚಕ್ರದ ಮೇಲೆ! ನೆಟ್ಟಗೆ!" ತಾತನವರು ನಕ್ಕು ಒಳಗೆ ಹೋದರು. ವಾಗ್ದಾನ ನಿರ್ದೇಶಕರ ತಲೆಯ ಮೇಲೆ ಉಳಿಯಿತು.

ಅದರಂತೆ, ತಾತನವರು ಚಕ್ರ ಹಾಕುತ್ತಿದ್ದ ಅದೇ ಮಾದರಿಯ ಜೆಟ್ಟನ್ನು, ಎಪ್ಪತ್ತೆರಡರಲ್ಲಿ ಒಂದು ಪಾಲಿನ ಅಳತೆಯಲ್ಲಿ, ನೂರ ಹದಿನೆಂಟು ತುಂಡುಗಳಾಗಿ ತರಿಸಲಾಯಿತು. ಡಬ್ಬಿಯ ಮೇಲೆ "ಎಂಟು ವರ್ಷ ಮೇಲ್ಪಟ್ಟವರಿಗೆ" ಎಂದು ನಮೂದಾಗಿದ್ದು, ನಿರ್ದೇಶಕರು ಈ ಅರ್ಹತೆಯನ್ನು ಕಾಗದದ ಮೇಲೆ ಹೊಂದಿರುತ್ತಾರೆ. ಗುರುವಾರ ಮಧ್ಯಾಹ್ನ ವಿಮಾನ ಪೂರ್ಣಗೊಂಡು, ಬಾಯಲ್ಲೇ ಬ್ಯಾಕ್‌ಗ್ರೌಂಡ್ ಮ್ಯೂಸಿಕ್ ಹಾಕಿಕೊಂಡು, ಮೊದಲ ಬಾರಿಗೆ ಚಕ್ರಗಳ ಮೇಲೆ ಇಳಿಸಲಾಯಿತು. ವಿಮಾನವು ಒಂದು ಕ್ಷಣ ಯೋಚಿಸಿ, ಮೂತಿಯನ್ನು ನಿಧಾನವಾಗಿ ಮೇಲೆತ್ತಿ, ಬಾಲವನ್ನು ಮೇಜಿಗೆ ಊರಿ ಕುಳಿತುಬಿಟ್ಟಿತು. ಸ್ಥಳದಲ್ಲಿದ್ದ ಅಕ್ಕನವರ ಹೇಳಿಕೆ: "ಲೋ, ಇದು ಫೈಟರ್ ಜೆಟ್ಟಾ, ಬಿಸ್ಕತ್ತಿಗೆ ಕೂತಿರೋ ನಾಯಿನಾ?"

ಈ ಎಲ್ಲ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಮನೆಯ ಸಮಸ್ತ ಸಿಬ್ಬಂದಿಗೆ ಕೆಳಕಂಡಂತೆ ಸೂಚಿಸಲಾಗಿದೆ.

1. ವಿಮಾನದ ಪ್ರಸ್ತುತ ಸ್ಥಿತಿಯನ್ನು ಇನ್ನು ಮುಂದೆ "ಟೇಕಾಫ್ ಭಂಗಿ" ಎಂದೇ ಕರೆಯತಕ್ಕದ್ದು. "ಕೂತಿದೆ", "ಬಿದ್ದಿದೆ", "ಪಾಪ" ಎಂಬ ಪದಗಳನ್ನು ಬಳಸುವುದನ್ನು ನಿಷೇಧಿಸಲಾಗಿದೆ. "ಪಾಪ" ಎಂಬುದನ್ನು ವಿಮಾನದ ಬಗ್ಗೆ ಬಳಸಬಾರದು. ನಿರ್ದೇಶಕರ ಬಗ್ಗೆ ಬಳಸಲು ಅಡ್ಡಿಯಿಲ್ಲ.

2. ಘಟನೆಯ ಕಾರಣ ತಿಳಿಯಲು ನಿರ್ದೇಶಕರ ಅಧ್ಯಕ್ಷತೆಯಲ್ಲಿ ನಿರ್ದೇಶಕರೊಬ್ಬರೇ ಇರುವ ಸಮಿತಿಯನ್ನು ರಚಿಸಲಾಗಿತ್ತು. ಸಮಿತಿಯು ಫ್ಯಾನು, ಮೇಜಿನ ಇಳಿಜಾರು ಹಾಗೂ ತಯಾರಕರ ದುರುದ್ದೇಶವನ್ನು ಕಾರಣವೆಂದು ಕಂಡು, ನಿರ್ದೇಶಕರನ್ನು ನಿರ್ದೋಷಿ ಎಂದು ಘೋಷಿಸಿತು. ನಿರ್ದೇಶಕರು ಸಮಿತಿಗೆ ವಂದನೆ ಸಲ್ಲಿಸಿದರು. ಆ ನಂತರ ಅಕ್ಕನವರು ಸೂಚನಾ ಹಾಳೆಯನ್ನು ಓದಿಬಿಟ್ಟ ಕಾರಣ ವರದಿಯನ್ನು ಈ ರೀತಿ ಪರಿಷ್ಕರಿಸಲಾಗಿದೆ:

ಹಾಳೆಯ ನಾಲ್ಕನೇ ಹಂತದಲ್ಲಿ, ವಿಮಾನದ ಒಡಲಿನ ಎರಡು ಹೋಳುಗಳನ್ನು ಅಂಟಿಸಿ ಮುಚ್ಚುವ ಮೊದಲು ಮೂತಿಯೊಳಗೆ ಹತ್ತು ಗ್ರಾಂ ತೂಕ ಇಡಬೇಕೆಂದು ತಿಳಿಸಲಾಗಿದೆ. ಪಕ್ಕದಲ್ಲಿ ಹಿಡಿಯುಳ್ಳ ಒಂದು ತೂಕದ ಬಟ್ಟಿನ ಚಿತ್ರವೂ ಇದೆ. ನಿರ್ದೇಶಕರು ಅದನ್ನು ಚಹಾದ ಕೆಟಲ್ ಎಂದು ಭಾವಿಸಿ, ತಯಾರಕರ ಕಾಳಜಿಗೆ ಮನಸೋತು, ಎದ್ದುಹೋಗಿ ಚಹಾ ಕುಡಿದು, ನಲವತ್ತು ನಿಮಿಷಗಳ ಬಳಿಕ ಬಂದು ಮೂತಿಯನ್ನು ಖಾಲಿಯಾಗಿಯೇ ಮುಚ್ಚಿರುತ್ತಾರೆ. ಹಂತ ನಾಲ್ಕನ್ನು ಅಕ್ಷರಶಃ ಪಾಲಿಸಿದ ತೃಪ್ತಿ ಅವರಿಗಿತ್ತು.

3. ಅಂಟಿನ ಕೆಲಸ ನಡೆಯುವಾಗ ಸಿನಿಮಾ ಡೈಲಾಗ್ ಹೊಡೆಯುವುದನ್ನು ತಕ್ಷಣದಿಂದ ನಿಷೇಧಿಸಲಾಗಿದೆ. ಮಂಗಳವಾರ ನಿರ್ದೇಶಕರು "ಈ ಕೈ ಅಂಟು ಹಿಡಿದ್ರೆ ಗಾಳಿನೂ ಅಂಟ್ಕೊಳ್ಳುತ್ತೆ!" ಎಂದು ಗುಡುಗಿದ ವೇಳೆ, ಗಾಳಿಯ ಬದಲು ಅವರ ತೋರುಬೆರಳೇ ಎಡರೆಕ್ಕೆಗೆ ಅಂಟಿಕೊಂಡು, ಇಪ್ಪತ್ತು ನಿಮಿಷ ವಾಯುಪಡೆಯ ಸೇವೆ ಸಲ್ಲಿಸಿದ್ದು ಸರಿಯಷ್ಟೆ. ಹಾಗೆಯೇ, "ಸೂಚನೆ ಓದಿ ಕಟ್ಟೋನು ಕೆಲಸಗಾರ, ಓದ್ದೇ ಕಟ್ಟೋನು ಸರದಾರ" ಎಂಬ ಹೇಳಿಕೆಯನ್ನು ಕಡತದಿಂದ ತೆಗೆದುಹಾಕಲಾಗಿದೆ.

4. ಕೆಲಸ ಮುಗಿದ ನಂತರವೂ ಏಳು ತುಂಡುಗಳು ಉಳಿದಿರುವುದು ಉಳಿತಾಯವೆಂದು ಪರಿಗಣಿಸತಕ್ಕದ್ದು. ಪೈಲಟ್ಟಿನ ಮುಂದಿನ ಗಾಜಿನ ಮೇಲೆ ಶಾಶ್ವತವಾಗಿ ಮೂಡಿರುವ ಹೆಬ್ಬೆಟ್ಟಿನ ಗುರುತು ನಿರ್ದೇಶಕರದ್ದೇ. ಪೈಲಟ್ಟಿಗೆ ದಾರಿ ಕಾಣದಿರುವುದು ಸತ್ಯ. ಆದರೆ ಸದರಿ ಪೈಲಟ್ ಎಲ್ಲಿಗೂ ಹೋಗುವವನಲ್ಲ.

5. ಭಾನುವಾರದ ವ್ಯವಸ್ಥೆಗಾಗಿ ಕೈಗೊಂಡ ಪ್ರಯೋಗಗಳ ವಿವರ:

(ಅ) ಬಾಲದ ಕೆಳಗೆ ರಬ್ಬರಿನ ತುಂಡು ಇಡಲಾಯಿತು. ವಿಮಾನ ಉರುಳಿ ಮುಂದೆ ಬಂದು ಪುನಃ ಟೇಕಾಫ್ ಭಂಗಿ ತಾಳಿತು.

(ಆ) ಮುಂದಿನ ಚಕ್ರವನ್ನು ಒಂದು ಹಲಗೆಗೆ ಅಂಟಿಸಲಾಯಿತು. ಚಕ್ರ ಹಲಗೆಯ ಮೇಲೆಯೇ ಉಳಿಯಿತು, ವಿಮಾನ ಚಕ್ರವನ್ನು ಬಿಟ್ಟು ಮೇಲೆದ್ದಿತು. (ಚಕ್ರವನ್ನು ಕೆರೆದು ತೆಗೆದು ಮರಳಿ ಕಾಲಿಗೆ ಕೂರಿಸಲಾಗಿದೆ.)

(ಇ) ಮೂತಿಯ ಮೇಲೆ ಅಕ್ಕನವರ ಕಿವಿಯೋಲೆ ನೇತುಹಾಕಲಾಯಿತು. ವಿಮಾನ ಇಳಿಯಿತು. ಅಕ್ಕನವರು ಬಂದರು. ವಿಮಾನ ಏರಿತು.

(ಈ) ಆದ್ದರಿಂದ, ಪಟ್ಟಿ ಬಿಚ್ಚುವ ಹೊತ್ತಿಗೆ ಮನೆಯವರೆಲ್ಲರೂ ಕತ್ತನ್ನು ಇಪ್ಪತ್ತು ಡಿಗ್ರಿ ಓರೆಯಾಗಿಟ್ಟುಕೊಂಡು ನಿಲ್ಲತಕ್ಕದ್ದು. ಎಲ್ಲರೂ ಓರೆಯಾಗಿದ್ದಲ್ಲಿ ವಿಮಾನವೇ ನೆಟ್ಟಗಿದೆ ಎಂದು ತಾತನವರಿಗೆ ಅನ್ನಿಸುವ ಸಂಭವವಿದೆ. ಗೋಡೆಯ ಗಡಿಯಾರ ಮತ್ತು ಕ್ಯಾಲೆಂಡರನ್ನೂ ಅದೇ ಕೋನಕ್ಕೆ ತಿರುಗಿಸಲಾಗುವುದು. ಡಾಕ್ಟರರ ಕತ್ತಿನ ಬಗ್ಗೆ ಅವರೊಂದಿಗೆ ಪ್ರತ್ಯೇಕವಾಗಿ ಮಾತನಾಡಲಾಗುವುದು.

6. ತಾತನವರು ಬಚ್ಚಲುಮನೆಗೆ ಹೋಗುವ ದಾರಿ ಊಟದ ಮೇಜನ್ನು ಸವರಿಕೊಂಡೇ ಹೋಗುತ್ತದೆ. ಅವರ ಕೈ ಪ್ರತಿ ಸಲ ಮೇಜಿನ ಅಂಚಿನ ಮೇಲಿರುತ್ತದೆ. ಅಮ್ಮನವರು ಅವರನ್ನು ಅಡುಗೆಮನೆಯ ಮೂಲಕ ಸುತ್ತಿಸಿಕೊಂಡು ಕರೆದೊಯ್ಯತಕ್ಕದ್ದು. ಕಾರಣ ಕೇಳಿದಲ್ಲಿ "ನೆಲ ಒದ್ದೆ" ಎನ್ನತಕ್ಕದ್ದು. ನಿನ್ನೆಯಿಂದ ಆರು ಬಾರಿ ನೆಲ ಒದ್ದೆಯಾಗಿದ್ದು, "ಏನಮ್ಮಾ, ಮನೆಯೊಳಗೆ ಹೊಳೆ ಹರೀತಿದ್ಯಾ?" ಎಂದು ತಾತನವರು ಇಂದು ಬೆಳಿಗ್ಗೆ ವಿಚಾರಿಸಿರುವುದನ್ನು ಇಲಾಖೆ ಗಂಭೀರವಾಗಿ ಪರಿಗಣಿಸಿದೆ.

7. ಇಷ್ಟೆಲ್ಲ ಯಾಕೆಂದು ಅಮ್ಮನವರು ಕೇಳಿದ್ದಾರೆ. "ಹೋಗಿ ಹೇಳ್ಬಿಡೋ, ತಾತ ಏನ್ ನಿನ್ನ ನೇಣಿಗೆ ಹಾಕ್ತಾರಾ?" ಎಂಬುದು ಅವರ ಟಿಪ್ಪಣಿ. ಉತ್ತರ: ತಾತನವರು ಬೈಯುವುದಿಲ್ಲ ಎಂಬುದೇ ಇಲಾಖೆಯ ಆತಂಕ. ಇಪ್ಪತ್ತಾರು ವರ್ಷದಲ್ಲಿ ಅವರ ಕೈ ದಾಟಿದ ಯಾವ ವಿಮಾನವೂ ಚಕ್ರದ ಮೇಲೆ ತಪ್ಪಾಗಿ ನಿಂತದ್ದಿಲ್ಲ. ಮಸುಕು ತೆಗೆದ ಕಣ್ಣಿಗೆ ಮೊದಲು ಕಾಣುವುದೇ ನಾಯಿಯಂತೆ ಕೂತ ಜೆಟ್ಟಾದರೆ ಅವರು "ಪರವಾಗಿಲ್ಲ ಬಿಡೋ" ಎನ್ನುತ್ತಾರೆ. ನಿರ್ದೇಶಕರು ಎರಡು ಇಂಟರ್ವ್ಯೂಗಳಲ್ಲಿ ಸೋತು ಬಂದಾಗಲೂ ಅವರು ಅದನ್ನೇ ಅಂದಿದ್ದರು. ಮೂರನೇ ಬಾರಿ ಅದನ್ನು ಕೇಳಿಸಿಕೊಳ್ಳುವ ಶಕ್ತಿ ಇಲಾಖೆಗೆ ಇರುವುದಿಲ್ಲ.

8. ಈ ಸುತ್ತೋಲೆಯನ್ನು ಯಾರೂ ಗಟ್ಟಿಯಾಗಿ ಓದತಕ್ಕದ್ದಲ್ಲ.

ಸೇರ್ಪಡೆ (ಅದೇ ದಿನ, ಸಂಜೆ ಐದೂವರೆ ಗಂಟೆ)

9. ಕಂಡಿಕೆ 8ನ್ನೂ ಒಳಗೊಂಡಂತೆ ಇಡೀ ಸುತ್ತೋಲೆಯನ್ನು ಅಕ್ಕನವರು ತಾತನವರ ಕೋಣೆಯ ಬಾಗಿಲಲ್ಲಿ ನಿಂತು, ಸುತ್ತೋಲೆ ಸಂಖ್ಯೆ ಸಮೇತ, ವಾರ್ತೆ ಓದುವ ದನಿಯಲ್ಲಿ ಓದಿರುತ್ತಾರೆ. ಕಿವಿಯೋಲೆಯ ವಿಷಯ ತಮಗೆ ಇನ್ನೂ ಇತ್ಯರ್ಥವಾಗಿಲ್ಲ ಎಂಬುದು ಅವರು ನೀಡಿದ ಸಮಜಾಯಿಷಿ.

10. ತಾತನವರು ಗೋಡೆ ಹಿಡಿದು, ಒಣಗಿದ ನೆಲದ ಮೇಲೆಯೇ ನಡೆದು, ಮೇಜಿನ ಬಳಿ ಬಂದರು. "ಎಲ್ಲೋ ಅದು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಬೆರಳಾಡಿಸಿದರು. ಬಾಲ, ರೆಕ್ಕೆ, ಹಿಂದಿನ ಎರಡು ಚಕ್ರ. ಬೆರಳು ಮುಂದಿನ ಚಕ್ರದ ಕೆಳಗೆ ಬಂದು ಅಲ್ಲಿದ್ದ ಖಾಲಿ ಜಾಗದಲ್ಲಿ ನಿಂತಿತು. ನಿರ್ದೇಶಕರು ಕಂಡಿಕೆ 1ರ ಪ್ರಕಾರ "ತಾತಾ, ಅದು ಟೇಕಾಫ್ ಭಂಗಿ" ಎಂದು ನಿವೇದಿಸಿಕೊಂಡರು.

"ಆಪರೇಷನ್ ಆಗಿರೋದು ಕಣ್ಣಿಗೆ ಕಣೋ, ಬೆರಳಿಗಲ್ಲ" ಎಂದರು ತಾತನವರು.

11. ಆ ಬಳಿಕ ಅವರು ನಕ್ಕ ಅವಧಿ ಅಕ್ಕನವರ ದಾಖಲೆಯನ್ನು ಮೀರಿದ್ದು, ಕಣ್ಣಿನ ಹೊಲಿಗೆಯ ಬಗ್ಗೆ ಅಮ್ಮನವರು ಗಾಬರಿಯಾದದ್ದನ್ನು ದಾಖಲಿಸಿಕೊಳ್ಳಲಾಗಿದೆ. ನಗು ನಿಂತ ಮೇಲೆ ಈ ಮನೆಯಲ್ಲಿ ಯಾರೂ ಕೇಳಿರದ ಹೇಳಿಕೆ ನೀಡಿದರು: "ನಮ್ಮಲ್ಲೂ ಒಂದು ಹಿಂಗೇ ಕೂತಿತ್ತು. ನಿಜವಾದ್ದು. ಮೂತಿಯೊಳಗಿನ ಯಂತ್ರ ರಿಪೇರಿಗೆ ಅಂತ ಬಿಚ್ಚಿದ್ರಲ್ಲ, ಬದಲಿಗೆ ಭಾರ ಕಟ್ಟೋದು ನನ್ ಕೆಲಸ. ಮರ್ತೆ. ಊಟ ಮಾಡ್ಕೊಂಡು ಬರ್ತೀನಿ, ಮೂತಿ ಮೇಲೆ! ಸಾಹೇಬ್ರ ಜೀಪು ಗೇಟ್ ಹತ್ರ. ನಾವು ಮೂರು ಜನ ಓಡಿ ಹೋಗಿ ಮೂತಿಗೆ ಜೋತುಬಿದ್ವಿ. ಸಾಹೇಬ್ರು ಇಳಿದು ಕೇಳ್ತಾರೆ, ಏನ್ರಯ್ಯಾ ಅದು ಅಂತ. 'ಒರೆಸ್ತಾ ಇದೀವಿ ಸಾರ್' ಅಂದೆ."

ಇಪ್ಪತ್ತಾರು ವರ್ಷದಲ್ಲಿ ತಪ್ಪಾಗಿ ನಿಂತ ವಿಮಾನವಿಲ್ಲ ಎಂಬ ಕಂಡಿಕೆ 7ರ ಒಕ್ಕಣೆಯನ್ನು ತಾತನವರ ಸೂಚನೆಯ ಮೇರೆಗೆ "ಒಂದನ್ನು ಬಿಟ್ಟು" ಎಂದು ತಿದ್ದಿಕೊಳ್ಳುವುದು.

12. "ಪರವಾಗಿಲ್ಲ" ಎಂದು ಅವರು ಅನ್ನಲಿಲ್ಲ. "ಇದು ಹಿಂಗೆ ಇರೋ ಹಾಗಿಲ್ಲ. ಬಿಚ್ಚು" ಎಂದರು. ಮುಂದಿನ ಚಕ್ರದ ಗೂಡಿನಲ್ಲಿ ಕಾದ ದಬ್ಬಣದಿಂದ ರಂಧ್ರ ಮಾಡಲು, ನಿರ್ದೇಶಕರ ಸೈಕಲ್ಲಿನ ಮುಂದಿನ ಚಕ್ರದಿಂದ ಉಕ್ಕಿನ ಗುಂಡುಗಳನ್ನು ತೆಗೆದು ತರಲು ಮೌಖಿಕ ಆದೇಶವಾಯಿತು. ಕಣ್ಣಿಗೆ ಪಟ್ಟಿ ಕಟ್ಟಿದ್ದವರು ಅವರು, ತಡಕಾಡುತ್ತಿದ್ದವರು ನಿರ್ದೇಶಕರು. "ಎಡಕ್ಕೆ. ಇನ್ನೂ ಎಡಕ್ಕೆ. ನಿನ್ ಎಡ ಅಲ್ಲ ಮಾರಾಯ, ವಿಮಾನದ್ ಎಡ!" ಒಂದೊಂದೇ ಗುಂಡನ್ನು ಮೂತಿಗೆ ಜಾರಿಸಿ, ಹಿಂದಕ್ಕೆ ಉರುಳದಂತೆ ಹತ್ತಿ ತುರುಕಿ, ಪ್ರತಿ ಸಲವೂ ಮೇಜಿನ ಮೇಲಿಟ್ಟು ನೋಡಲಾಯಿತು. ತಾತನವರು ಕಿವಿಯನ್ನು ಮೇಜಿಗೆ ಒತ್ತಿಕೊಂಡಿದ್ದರು. ಹದಿನಾರನೇ ಗುಂಡಿನವರೆಗೆ ಯಾವುದೇ ಪ್ರಗತಿ ಇರುವುದಿಲ್ಲ.

ಹದಿನೇಳನೆಯದಕ್ಕೆ ಟಕ್ ಎಂದಿತು.

"ಇಳೀತು" ಎಂದರು ತಾತನವರು. ನಿರ್ದೇಶಕರು ಖಚಿತಪಡಿಸಿಕೊಳ್ಳಲು ತಮ್ಮ ಕಿವಿಯನ್ನೂ ಮೇಜಿಗೆ ಒತ್ತಿದರು.

13. ಪ್ರಯುಕ್ತ ಕಂಡಿಕೆ 1ರಿಂದ 8ರವರೆಗಿನ ಎಲ್ಲ ಸೂಚನೆಗಳನ್ನು ಈ ಮೂಲಕ ಹಿಂಪಡೆಯಲಾಗಿದೆ. ವಿಮಾನ ನೆಟ್ಟಗಿದೆ ಎಂದು ನಿರ್ದೇಶಕರು ತಾವೇ ಬರೆದುಕೊಳ್ಳಲು ಹೊರಟಾಗ ತಾತನವರು ತಡೆದು, "ಕಟ್ಟಿದವನೇ ಸರಿ ಇದೆ ಅಂತ ಬರ್ಕೊಂಡ್ರೆ ಅದು ಸಿನಿಮಾ ಆಗುತ್ತೆ ಕಣೋ. ವಿಮಾನಕ್ಕೆ ಇನ್ನೊಬ್ಬನ ಸಹಿ ಬೇಕು. ಪೆನ್ನು ಕೊಡು" ಎಂದು ಆದೇಶಿಸಿದ್ದರಿಂದ ಕೆಳಗೆ ಎರಡು ಸಹಿಗಳಿವೆ.

ಕಟ್ಟಿದವರು:
(ಸಹಿ)
ನಿರ್ದೇಶಕರು, ಊಟದ ಮೇಜು, ಕಿಟಕಿ ಕಡೆ

ಪರಿಶೀಲಿಸಿದವರು:
(ಸಹಿ ಇಲ್ಲಿಂದ ಆರಂಭ)
ತಾತ, ಚಕ್ರ ಮತ್ತು ಬ್ರೇಕು (ನಿವೃತ್ತ, ಇಂದು ಸಂಜೆ ನಾಲ್ಕರಿಂದ ಐದೂವರೆಯವರೆಗೆ ಕರ್ತವ್ಯದಲ್ಲಿ)

ಪ್ರತಿಯನ್ನು:

1. ಅಕ್ಕನವರಿಗೆ: ಕಂಡಿಕೆ 8ನ್ನು ಉಲ್ಲಂಘಿಸಿದ್ದಕ್ಕಾಗಿ ತಮ್ಮ ಮೇಲೆ ಶಿಸ್ತುಕ್ರಮ ಏಕೆ ಜರುಗಿಸಬಾರದು ಎಂಬುದಕ್ಕೆ ಕಾರಣ ಇಲಾಖೆಗೇ ತಿಳಿದಿರುವುದರಿಂದ, ಉತ್ತರಿಸುವ ಅಗತ್ಯವಿಲ್ಲ.

2. ನಿರ್ದೇಶಕರ ಸೈಕಲ್ಲಿಗೆ: ಮಾಹಿತಿಗಾಗಿ.

3. ಕಣ್ಣಿನ ಡಾಕ್ಟರಿಗೆ: ಭಾನುವಾರ ಪಟ್ಟಿ ಬಿಚ್ಚುವಾಗ ತಾತನವರ ಮತ್ತು ಮೇಜಿನ ನಡುವೆ ತಾವು ನಿಲ್ಲಬಾರದೆಂದು ವಿನಂತಿ.

4. ಅಮ್ಮನವರಿಗೆ: ತಾತನವರ ಸಹಿಯು ಕಾಗದದ ಅಂಚು ದಾಟಿ ಮೇಜಿನ ಬಟ್ಟೆಯ ಮೇಲೆ ಸುಮಾರು ಒಂದು ಗೇಣಿನಷ್ಟು ಮುಂದುವರಿದಿರುವುದರಿಂದ, ಸದರಿ ಬಟ್ಟೆಯನ್ನು ಈ ಕಡತದ ಭಾಗವೆಂದು ಪರಿಗಣಿಸಲಾಗಿದೆ. ಒಗೆಯತಕ್ಕದ್ದಲ್ಲ.