ಮೇಜರ್‌ಗೆ ಬಡಿಸಿದ ಉಪ್ಪಿನಕಾಯಿ

"ನಮ್ಮನೆಗೆ ಬಂದೋರು ಅರೆಹೊಟ್ಟೇಲಿ ಎದ್ದುಹೋದ ದಾಖಲೆ ಇಲ್ಲ ಕಣಯ್ಯ! ನಾಯಿ ಆದ್ರೇನು, ನೆಂಟ ನೆಂಟನೇ!"

ನಂಜನಗೂಡಿನ ಬಸ್ ನಿಲ್ದಾಣದಲ್ಲಿ ಸಂಚಾರ ನಿಯಂತ್ರಕರಾಗಿರುವ ಮರಿಸ್ವಾಮಿ ಈ ಘೋಷಣೆ ಹೊರಡಿಸಿದ್ದು ಶುಕ್ರವಾರ ಸಂಜೆ, ಸ್ವಂತ ವರಾಂಡದಲ್ಲಿ. ಎದುರಿಗೆ ಭಾಮೈದ ಕೃಷ್ಣಕುಮಾರ್ ನಿಂತಿದ್ದ. ಅವನ ಪಕ್ಕದಲ್ಲಿ, ಅವನ ಸೊಂಟದೆತ್ತರಕ್ಕೆ, ಮೇಜರ್ ನಿಂತಿದ್ದ. ಮೇಜರ್ ಗ್ರೇಟ್ ಡೇನ್ ಜಾತಿಯ ನಾಯಿ. ತೂಕ ಅರವತ್ತೆರಡು ಕೆ.ಜಿ.; ಅಂದರೆ ಮರಿಸ್ವಾಮಿಗಿಂತ ಎರಡು ಕೆ.ಜಿ. ಹೆಚ್ಚು. ಟಿ. ನರಸೀಪುರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ ಕೃಷ್ಣಕುಮಾರ್ ಹೆಂಡತಿಯೊಂದಿಗೆ ಬೋಧಗಯೆಗೆ ಹೊರಟಿದ್ದ. ಹತ್ತು ದಿನ ನಾಯಿಯನ್ನು ಅಕ್ಕನ ಮನೆಯಲ್ಲಿ ಬಿಡಬೇಕಿತ್ತು.

"ಭಾವ, ಡಾಕ್ಟ್ರು ಹೇಳಿರೋದು ಅನ್ನ, ಬೇಯಿಸಿದ ಕೋಳಿ, ಒಂದಿಷ್ಟು ಕ್ಯಾರೆಟ್. ಅಷ್ಟೇ. ಉಪ್ಪು, ಖಾರ ಏನೂ ಮುಟ್ಟಿಸ್ಬೇಡಿ."

"ಉಪ್ಪಿಲ್ದೆ ಅನ್ನಾನಾ? ಜೈಲಲ್ಲೂ ಉಪ್ಪು ಹಾಕ್ತಾರೆ!"

"ರೀ, ಅವನು ಹೇಳಿದಷ್ಟು ಮಾಡಿ ಸಾಕು," ಎಂದರು ಪತ್ನಿ ಸಂಘಮಿತ್ರಾ. ಅವರು ತಗಡೂರಿನ ಶಾಲೆಯಲ್ಲಿ ಗಣಿತದ ಮೇಡಂ. ಹೇಳಿದಷ್ಟು ಮಾಡದವರನ್ನು ದಿನವೂ ಕಾಣುವವರು.

ಮರಿಸ್ವಾಮಿ ತಲೆಯಾಡಿಸಿದರು. ಆದರೆ ಅವರಿಗೆ ಸಂಕಟವಾಗಿತ್ತು. ಅವರ ತಟ್ಟೆಯಲ್ಲಿ ಹಾಡುಗಾರಿಕೆಗಿಂತ ಪಕ್ಕವಾದ್ಯವೇ ಜಾಸ್ತಿ. ಒಂದು ಮೂಲೆಯಲ್ಲಿ ಮಾವಿನಕಾಯಿ ಉಪ್ಪಿನಕಾಯಿ, ಇನ್ನೊಂದರಲ್ಲಿ ಬೆಳ್ಳುಳ್ಳಿ ಚಟ್ನಿಪುಡಿ, ನಡುವೆ ಹುಚ್ಚೆಳ್ಳು ಚಟ್ನಿ. ರಾಗಿ ರೊಟ್ಟಿಗೂ ಟೊಮೆಟೊ ಸಾಸ್ ಸುರಿದುಕೊಳ್ಳುವ ಮನುಷ್ಯ ಅವರು.

ಶನಿವಾರ ಮೇಜರ್ ಅನ್ನವನ್ನು ಮೂಸಿ, ಮುಂಗಾಲ ಮೇಲೆ ತಲೆಯಿಟ್ಟು ಗೇಟನ್ನೇ ನೋಡುತ್ತ ಮಲಗಿತು. ಭಾನುವಾರವೂ ಅದೇ. ಯಜಮಾನ ನೆನಪಾಗಿದ್ದಾನೆ, ಒಂದೆರಡು ದಿನದಲ್ಲಿ ಸರಿಹೋಗುತ್ತದೆ ಎಂದರು ಸಂಘಮಿತ್ರಾ. ಮರಿಸ್ವಾಮಿಗೆ ಮಾತ್ರ ಕಾರಣ ಸ್ಪಷ್ಟವಾಗಿ ಗೊತ್ತಿತ್ತು. ಸಪ್ಪೆ!

ಸೋಮವಾರ ಅವರಿಗೆ ವಾರದ ರಜೆ. ಹೆಂಡತಿ ಶಾಲೆಗೆ ಹೋದ ಮೇಲೆ ಮೇಜರ್‌ನ ಅನ್ನಕ್ಕೆ ಒಂದೇ ಒಂದು ಚಮಚ ಉಪ್ಪಿನಕಾಯಿಯ ರಸ ಕಲಸಿದರು. ಇಷ್ಟು ದೊಡ್ಡ ದೇಹದಲ್ಲಿ ಒಂದು ಚಮಚ ಎಲ್ಲಿ ಹೋಗಿ ಕೂರುತ್ತದೆ ಎಂಬುದು ಅವರ ಲೆಕ್ಕ. ಮೇಜರ್‌ನ ಮೂಗು ಅಲುಗಿತು. ಕಿವಿ ನೆಟ್ಟಗಾಯಿತು. ಬಟ್ಟಲು ಎರಡು ನಿಮಿಷದಲ್ಲಿ ಫಳಫಳ!

"ನೋಡ್ದಾ? ಡಾಕ್ಟ್ರಿಗೆ ಏನ್ ಗೊತ್ತು ರುಚಿ!" ಎನ್ನುತ್ತ ಮರಿಸ್ವಾಮಿ ಎರಡನೆಯ ಬಟ್ಟಲಿಗೆ ಚಟ್ನಿಪುಡಿ ಉದುರಿಸಿ, ಮೇಲೆ ಸಾಸಿನಿಂದ ಒಂದು ಸುತ್ತು ಹಾಕಿದರು. ಅದೂ ಹೋಯಿತು. ಅಷ್ಟರಲ್ಲಿ ಡಿಪೋದಿಂದ ಫೋನು ಬಂತು. ಹತ್ತು ನಿಮಿಷ ಮಾತಾಡಿ ಒಳಗೆ ಬಂದರೆ, ನೆಂಟರು ತಾವೇ ಬಡಿಸಿಕೊಂಡಿದ್ದರು! ಊಟದ ಮೇಜು ಮೇಜರ್‌ನ ಗದ್ದದ ಮಟ್ಟಕ್ಕಿತ್ತು. ಉಪ್ಪಿನಕಾಯಿಯ ಜಾಡಿ ಅಡ್ಡಬಿದ್ದಿತ್ತು, ಚಟ್ನಿಪುಡಿಯ ಡಬ್ಬಿ ಸೋಫಾದ ಕೆಳಗಿತ್ತು. ಎರಡನ್ನೂ ತೊಳೆಯುವ ಅಗತ್ಯವಿರಲಿಲ್ಲ.

ಮುಂದಿನ ಒಂದು ಗಂಟೆಯಲ್ಲಿ ಮೇಜರ್ ಒಂದು ಬಕೆಟ್ ನೀರು ಕುಡಿಯಿತು. ಇನ್ನೊಂದು ಬಕೆಟ್ ಕುಡಿಯಿತು. ಬಳಿಕ ವರಾಂಡದಲ್ಲಿ, ನಡುಮನೆಯಲ್ಲಿ, ಸಂಘಮಿತ್ರಾ ತಿದ್ದಲು ಇಟ್ಟಿದ್ದ ಏಳನೇ ತರಗತಿಯ ಉತ್ತರಪತ್ರಿಕೆಗಳ ಮೇಲೆ ವಾಂತಿ ಮಾಡಿತು. ಆಮೇಲೆ ಹಿಂಗಾಲು ಮಡಚಿ ಕುಸಿಯಿತು. ಮರಿಸ್ವಾಮಿ ಬೀದಿಗೆ ಓಡಿದರು.

ಅಷ್ಟು ದೊಡ್ಡ ಪ್ರಯಾಣಿಕನನ್ನು ಹತ್ತಿಸಿಕೊಳ್ಳಲು ಆಟೋದವರು ಒಪ್ಪಲಿಲ್ಲ. ಕೊನೆಗೆ ಸಿಮೆಂಟು ಸಾಗಿಸುವ ಗೂಡ್ಸ್ ಆಟೋ ಸಿಕ್ಕಿತು. ದಿನವೂ ಇನ್ನೂರು ಬಸ್ಸುಗಳಿಗೆ ದಾರಿ ತೋರಿಸುವ ಮರಿಸ್ವಾಮಿ ಅದರ ಹಿಂಭಾಗದಲ್ಲಿ ನಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಸಿಮೆಂಟಿನ ಧೂಳಿನಲ್ಲಿ ಬೆಳ್ಳಗಾಗಿ, ಬಸ್ ನಿಲ್ದಾಣದ ಎದುರೇ ಹಾದುಹೋದರು. ದಾರಿಯಿಂದಲೇ ಹೆಂಡತಿಗೆ ಫೋನು ಮಾಡಿ "ಮೇಜರ್‌ಗೆ ಹುಷಾರಿಲ್ಲ" ಎಂದಷ್ಟೇ ಹೇಳಿದರು.

ಪಶು ಆಸ್ಪತ್ರೆಯಲ್ಲಿ ಡಾಕ್ಟರ್ ಕವನ ನಾಯಿಯ ವಸಡು ನೋಡಿದರು, ಹೊಟ್ಟೆ ಮುಟ್ಟಿದರು.

"ಏನು ತಿಂದಿದೆ?"

"ಬರೀ ಅನ್ನ ಮೇಡಂ."

"ಬರೀ ಅನ್ನಕ್ಕೆ ಹೀಗಾಗಲ್ಲ. ಯಾರಾದ್ರೂ ವಿಷ ಹಾಕಿರಬಹುದಾ?"

ಕರು ಹಿಡಿದುಕೊಂಡು ಸರದಿಯಲ್ಲಿ ನಿಂತಿದ್ದ ಕಳಲೆಯ ಹುಚ್ಚಯ್ಯ ಇದನ್ನು ಕೇಳಿ ಮುಂದೆ ಬಂದ. "ಅಕ್ಕಪಕ್ಕದೋರ್ದೇ ಕೆಲ್ಸ ಇರ್ತದೆ ಸಾ! ಸುಮ್ನೆ ಬುಡ್ಬ್ಯಾಡಿ. ಟೇಸನ್ಗೆ ಓಗಿ ಬರ್ದು ಕೊಡಿ. ನಾನ್ ಬತ್ತೀನಿ ಸಾಕ್ಸಿಗೆ!"

"ಅಷ್ಟೆಲ್ಲ ಬೇಡ," ಎಂದು ಮರಿಸ್ವಾಮಿ ತೊದಲುತ್ತಿರುವಾಗಲೇ ಮೇಜರ್ ಮತ್ತೊಮ್ಮೆ ವಾಂತಿ ಮಾಡಿತು. ಡಾಕ್ಟರು ಇಕ್ಕಳದಲ್ಲಿ ಏನನ್ನೋ ಎತ್ತಿ ಬೆಳಕಿಗೆ ಹಿಡಿದರು.

"ಇದು... ಮಿಡಿ ಉಪ್ಪಿನಕಾಯಿನಾ?"

ಹುಚ್ಚಯ್ಯ ಬಗ್ಗಿ ನೋಡಿದ. "ಮಿಡಿ ಅಲ್ಲ ಕಣವ್ವಾ. ಓಳ್ಗಾಯಿ. ಸಾಸ್ವೆ ವೈನಾಗಿ ಬಿದ್ದದೆ."

ಸಾಕ್ಷಿಯೂ ಅವನೇ, ತಜ್ಞನೂ ಅವನೇ! ಮರಿಸ್ವಾಮಿ ಶರಣಾದರು. ಉಪ್ಪಿನಕಾಯಿ, ಚಟ್ನಿಪುಡಿ, ಸಾಸು ಎಲ್ಲವನ್ನೂ ಒಪ್ಪಿಕೊಂಡರು. ಅಷ್ಟರಲ್ಲಿ ಶಾಲೆಯಿಂದ ಓಡಿಬಂದಿದ್ದ ಸಂಘಮಿತ್ರಾ ಬಾಗಿಲಲ್ಲಿ ನಿಂತು ಪೂರ್ತಿ ಪಟ್ಟಿಯನ್ನು ಕೇಳಿಸಿಕೊಂಡರು.

"ಇಷ್ಟು ದೊಡ್ಡ ನಾಯಿಗೆ ಒಂದ್ ಚಮಚ ಏನಾಯ್ತದೆ ಅಂತ ಮೇಡಂ..."

"ದೊಡ್ಡದಾದ್ರೆ ಸ್ವಲ್ಪ ಹೆಚ್ಚು ತಡ್ಕೋಬಹುದು, ಅಷ್ಟೇ. ಅತಿ ಉಪ್ಪು ನಾಯಿಗೆ ವಿಷ. ಈರುಳ್ಳಿ, ಬೆಳ್ಳುಳ್ಳಿ ಅದರ ರಕ್ತಾನೇ ಕೆಡಿಸುತ್ತೆ. ಸದ್ಯ, ಬಹುಪಾಲು ಹೊರಗೆ ಬಂದಿದೆ. ಆದರೆ ನೀವು ಕೊಟ್ಟಿದ್ದು ಚಮಚ ಅಲ್ಲ ಸರ್, ಜಾಡಿ!"

ಎರಡು ಗಂಟೆ ಗ್ಲೂಕೋಸ್ ಬಾಟಲಿ ಹಿಡಿದುಕೊಂಡು ಮರಿಸ್ವಾಮಿ ನೆಲದ ಮೇಲೆ ಕೂತಿದ್ದರು. ಭಾಮೈದನಿಗೆ ಏನು ಹೇಳುವುದು ಎಂಬ ಭಯ ಮೊದಲಿತ್ತು. ಆಮೇಲೆ ಆ ದೊಡ್ಡ ತಲೆ ಮೆಲ್ಲಗೆ ಎದ್ದು ಅವರ ಮಂಡಿಯ ಮೇಲೆ ಬಂದು ಮಲಗಿದಾಗ, ಭಯ ಹೋಗಿ ಕಣ್ಣು ಒದ್ದೆಯಾಯಿತು. ಇಂಥ ದ್ರೋಹಿಯನ್ನು ನಂಬುತ್ತದಲ್ಲ!

ಮೇಜರ್ ಬಾಲ ಆಡಿಸಿದ ಮೇಲೆ ಡಾಕ್ಟರು ಚೀಟಿ ಬರೆದರು. ಐದು ದಿನ ದಿನವೂ ಮೂತ್ರದ ಬಣ್ಣ ನೋಡಬೇಕು, ಕೆಂಪಾದರೆ ಕೂಡಲೇ ಕರೆತರಬೇಕು. ಬರೆಯುತ್ತಲೇ ಕುತೂಹಲಕ್ಕೆ ಕೇಳಿದರು:

"ಅಲ್ಲ, ಮನೇಲಿ ಅಷ್ಟೊಂದು ಉಪ್ಪಿನಕಾಯಿ ಯಾರು ತಿಂತಾರೆ?"

"ಇವರೇ," ಎಂದರು ಸಂಘಮಿತ್ರಾ. "ಆ ಜಾಡಿ ಹದಿನೈದು ದಿನಕ್ಕೆ ಬರ್ತಿತ್ತು."

ಡಾಕ್ಟರು ಪೆನ್ನು ಕೆಳಗಿಟ್ಟರು. "ಬಿ.ಪಿ. ಯಾವಾಗ ತೋರಿಸಿದ್ರಿ ಸರ್?"

ತೋರಿಸಿದ್ದೇ ಇಲ್ಲ. ಸಂಘಮಿತ್ರಾ ಅಲ್ಲಿಂದಲೇ ಗಂಡನನ್ನು ಮನುಷ್ಯರ ಆಸ್ಪತ್ರೆಗೆ ನಡೆಸಿದರು. ನೂರ ಎಂಬತ್ತು, ನೂರ ಹತ್ತು! ಅಲ್ಲಿಯೂ ಒಂದು ಚೀಟಿ ಸಿಕ್ಕಿತು. ಮನೆಗೆ ಬಂದು ಎರಡೂ ಚೀಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದ ಗಣಿತದ ಮೇಡಂ ಸಾಮಾನ್ಯ ಅಂಶವನ್ನು ಕಂಡುಹಿಡಿದರು. ಉಪ್ಪಿಲ್ಲ, ಉಪ್ಪಿನಕಾಯಿಯಿಲ್ಲ, ಸಾಸಿಲ್ಲ. ಆದ್ದರಿಂದ ಪಾತ್ರೆ ಒಂದೇ ಸಾಕು.

ಮರುದಿನದಿಂದ ಮರಿಸ್ವಾಮಿ ಬೆಳಿಗ್ಗೆ ಮೇಜರ್ ಹಿಂದೆ ಬೀದಿ ಸುತ್ತಿದರು. ಅದು ಕಂಬಕ್ಕೆ ಕಾಲೆತ್ತಿದಾಗಲೆಲ್ಲ ಬಗ್ಗಿ ಬಣ್ಣ ನೋಡಿದರು. ಎದುರು ಮನೆಯ ರಾಮಮ್ಮ ಬಾಗಿಲ ಸಂದಿಯಿಂದ ಅವರನ್ನೇ ನೋಡಿದರು. "ಏನ್ ಸ್ವಾಮಣ್ಣ, ಏನಾರಾ ಬೀಳಿಸ್ಕಂಡ್ರಾ?" ಎಂದು ಒಂದು ದಿನ ಕೇಳಿಯೂಬಿಟ್ಟರು. ಐದು ದಿನವೂ ಬಣ್ಣ ಸರಿಯಾಗಿಯೇ ಇತ್ತು.

ಐದನೆಯ ದಿನ ಸಂಜೆ, ಊಟದ ಹೊತ್ತಿಗೆ, ಗಯೆಯಿಂದ ಕೃಷ್ಣಕುಮಾರ್‌ನ ಫೋನು ಬಂತು.

"ಅಕ್ಕಾ, ಊಟ ಮಾಡ್ತಾ ಅವ್ನಾ? ಸಪ್ಪೆ ಅಂತ ಹಠ ಏನೂ ಮಾಡ್ತಿಲ್ವಲ್ಲ?"

ಸಂಘಮಿತ್ರಾ ನಡುಮನೆಯತ್ತ ಒಮ್ಮೆ ಕಣ್ಣು ಹಾಯಿಸಿದರು.

"ಏನ್ ಹೇಳ್ಲೋ ಕೃಷ್ಣ! ಒಂದು ಆಗ್ಲೇ ತಟ್ಟೆ ನೆಕ್ಕಿ ಅಚ್ಚುಕಟ್ಟಾಗಿ ಮಲಗ್ತು. ಇನ್ನೊಂದು ಇನ್ನೂ ತಟ್ಟೆ ಮುಂದೆ ಕೂತ್ಕೊಂಡು ಗುರ್ ಅಂತಾ ಅದೆ."